ಮೈಸೂರಿನ ಮಸಿ, ವರಾಛಾದ ಬೆರಳು

ಚುನಾವಣೆ ಕೆಲಸದ ಲಕೋಟೆ ಬಂದ ವಾರ ನಮ್ಮ ವಿಮಾ ಕಚೇರಿಯಲ್ಲಿ ಅರ್ಧ ಜನಕ್ಕೆ ಸೊಂಟನೋವು ಶುರುವಾಗುತ್ತಿತ್ತು. ಉಳಿದರ್ಧ ಜನರ ಹತ್ತಿರದ ನೆಂಟರ ಮದುವೆ ಸರಿಯಾಗಿ ಮತದಾನದ ದಿನವೇ ಬಂದುಬಿಡುತ್ತಿತ್ತು. ಲಕೋಟೆ ನೋಡಿ ಖುಷಿಪಡುತ್ತಿದ್ದವಳು ಇಡೀ ಶಾಖೆಯಲ್ಲಿ ನಾನೊಬ್ಬಳೇ. ವಡೋದರಾದಲ್ಲಿದ್ದ ಮೂರು ವರ್ಷದಲ್ಲಿ ಎರಡು ಸಲ ಮತಗಟ್ಟೆಯಲ್ಲಿ ಕೂತಿದ್ದೆ. ಸೂರತ್‌ಗೆ ವರ್ಗವಾದ ಮೇಲೆ, ತೊಂಬತ್ತರ ದಶಕದ ನಡುವಿನಲ್ಲಿ, ನಗರಪಾಲಿಕೆಯ ಚುನಾವಣೆಗೆ ಮೂರನೆಯ ಸಲ ಕರೆ ಬಂತು.

ಅಹಮದಾಬಾದಿನ ಮಣಿನಗರದಲ್ಲಿದ್ದ ನನ್ನ ನಾದಿನಿ ವಿಷಯ ತಿಳಿದು ಫೋನ್ ಮಾಡಿದಳು. "ಅತ್ತಿಗೆ, ಡಾಕ್ಟರ್ ಹತ್ರ ಒಂದು ಸರ್ಟಿಫಿಕೇಟ್ ಬರೆಸ್ಕೊಂಡು ಮನೇಲಿ ಆರಾಮಾಗಿ ಇರಬಾರ್ದಾ? ಅದೇನು ಅಷ್ಟು ಆಸೆ ನಿಮಗೆ?"

"ಆಸೆ ಅಲ್ಲ ಕಣೇ, ಅಲ್ಲಿ ಜನರ ಬೆರಳಿಗೆ ಹಚ್ಚೋದು ನಮ್ಮೂರಿನ ಮಸಿ. ನಾನೇ ಹಚ್ಚದೆ ಇನ್ಯಾರು ಹಚ್ಚಬೇಕು?" ಎಂದೆ.

ಅದು ಬರೀ ತಮಾಷೆಯ ಮಾತಾಗಿರಲಿಲ್ಲ. ಮತದಾನದ ಮಸಿ ತಯಾರಾಗುವುದು ಮೈಸೂರಿನಲ್ಲಿ. ಅದನ್ನು ಮಾಡುವ ಕಾರ್ಖಾನೆಯಲ್ಲಿ ನನ್ನ ಸೋದರಮಾವ ಕೆಲಸಕ್ಕಿದ್ದರು. ಚಿಕ್ಕವಳಿದ್ದಾಗ ಅವರ ಅಂಗಿಯ ತೋಳಿನ ಮೇಲೆ ಬಿದ್ದ ಆ ಕಲೆಯನ್ನು ನಮ್ಮ ಅಜ್ಜಿ ಹುಣಸೆಹಣ್ಣು, ಸೀಗೆಪುಡಿ, ಬೂದಿ ಎಲ್ಲ ಹಾಕಿ ತಿಕ್ಕಿ ಸೋತಿದ್ದನ್ನು ಕಣ್ಣಾರೆ ಕಂಡಿದ್ದೆ. ಇಡೀ ದೇಶಕ್ಕೆ ನಮ್ಮೂರು ಏನು ಕೊಟ್ಟಿದೆ ಎಂದು ಯಾರಾದರೂ ಕೇಳಿದರೆ ನಾನು ರೇಷ್ಮೆ, ಗಂಧ, ಪಾಕ ಎಲ್ಲ ಬಿಟ್ಟು ಮಸಿ ಎನ್ನುತ್ತಿದ್ದೆ. ಗುಜರಾತಿನಲ್ಲಿ ಎಂಟು ವರ್ಷ ಇದ್ದವಳಿಗೆ ಊರಿನದು ಅಂತ ಹೇಳಿಕೊಳ್ಳಲು ಏನಾದರೂ ಬೇಕಲ್ಲ.

ತರಬೇತಿ ನಡೆದದ್ದು ಹಳೇ ಸೂರತ್‌ನ ಒಂದು ಸರ್ಕಾರಿ ಸಭಾಂಗಣದಲ್ಲಿ. ಇಂಗ್ಲಿಷರು ಈ ದೇಶದಲ್ಲಿ ಮೊದಮೊದಲು ತಕ್ಕಡಿ ಹಿಡಿದು ಕೂತ ಊರು ಅದು. ಅವರ ವ್ಯಾಪಾರದ ಕೋಠಿಯ ಜಾಗ ಕೇಳಿದರೆ ಆಟೋದವರಿಗೆ ಗೊತ್ತಿರಲಿಲ್ಲ, ಪಾಲಿಕೆಯ ನೀರಿನ ಕಚೇರಿ ಕೇಳಿದರೆ ಎಲ್ಲರಿಗೂ ಗೊತ್ತಿತ್ತು. ಹಾಗೇ ಇರಬೇಕು ಎಂದು ನನ್ನ ಅಭಿಪ್ರಾಯ. ಹೋದವರ ಮನೆಗಿಂತ ನಲ್ಲಿಗೆ ನೀರು ಬಿಡುವವರ ಮನೆ ಮುಖ್ಯ. ಆ ನೀರು ಬಿಡುವವರನ್ನು ಆರಿಸುವ ಚುನಾವಣೆಯಾದ್ದರಿಂದ ಊರಿನಲ್ಲಿ ಬಿಸಿ ಚೆನ್ನಾಗಿಯೇ ಇತ್ತು.

ತರಬೇತಿ ಕೊಟ್ಟ ಅಧಿಕಾರಿ ಒಂದು ಮಾತನ್ನು ಒತ್ತಿ ಹೇಳಿದರು. ಎರಡೆರಡು ಸಲ ಮತ ಹಾಕುವವರು ಬೆರಳಿಗೆ ಮೊದಲೇ ಎಣ್ಣೆಯನ್ನೋ ಮೇಣವನ್ನೋ ಸವರಿಕೊಂಡು ಬರುತ್ತಾರೆ, ಮಸಿ ಕಚ್ಚದಿರಲಿ ಎಂದು. ಆದ್ದರಿಂದ ಜಿಡ್ಡಿನ ಬೆರಳು ಕಂಡರೆ ಹುಷಾರು, ಮೊದಲು ಬಟ್ಟೆಯಲ್ಲಿ ಒರೆಸಿ, ಆಮೇಲೆ ಪರೀಕ್ಷೆ ಮಾಡಿ. ನಾನು ಅದನ್ನು ಡೈರಿಯಲ್ಲಿ ಬರೆದು ಕೆಳಗೆ ಗೆರೆ ಎಳೆದುಕೊಂಡೆ.

ನಮಗೆ ಸಿಕ್ಕಿದ ಮತಗಟ್ಟೆ ವರಾಛಾದ ಒಂದು ಪಾಲಿಕೆಯ ಪ್ರಾಥಮಿಕ ಶಾಲೆ. ವಜ್ರ ಉಜ್ಜುವ ಕಾರ್ಖಾನೆಗಳು ಒಂದರ ಮೈಮೇಲೆ ಇನ್ನೊಂದು ಕೂತ ಬಡಾವಣೆ. ನಾನಿದ್ದದ್ದು ಊರಿನ ಇನ್ನೊಂದು ತುದಿಯ ಕ್ವಾರ್ಟರ್ಸಿನಲ್ಲಿ, ಅತ್ತ ಕಡೆ ಕಾಲಿಟ್ಟವಳೇ ಅಲ್ಲ. ನಮ್ಮ ತಂಡದ ಮುಖ್ಯಸ್ಥರು, ಅಂದರೆ ಮತಗಟ್ಟೆಯ ಅಧ್ಯಕ್ಷಾಧಿಕಾರಿ, ತಾಪಿ ನದಿಯಾಚೆಯ ಒಂದು ಶಾಲೆಯ ಹೆಡ್ ಮಾಸ್ತರರು. ನಿವೃತ್ತಿಗೆ ಹತ್ತಿರವಾಗಿದ್ದವರು, ದಪ್ಪ ಕನ್ನಡಕ, ಮೆತ್ತನೆಯ ಮಾತು. ಮತದಾರರ ಪಟ್ಟಿ ಹಿಡಿದು ಹೆಸರು ಕೂಗುವವರು ಬ್ಯಾಂಕಿನ ಗುಮಾಸ್ತರು. ಅವರ ಬಾಯಿಂದ ಒಂದು "ಏನ್ರೀ" ಬಿದ್ದದ್ದೇ ತಡ, ಧಾರವಾಡದವರೆಂದು ಗೊತ್ತಾಗಿಹೋಯಿತು. ಸೂರತ್‌ಗೆ ಬಂದು ಆರೇ ತಿಂಗಳಾಗಿತ್ತಂತೆ. ಬೆರಳು ನೋಡಿ ಮಸಿ ಹಚ್ಚುವ ಕೆಲಸ ನನ್ನದು. ನನ್ನ ಪಕ್ಕದಲ್ಲಿ ಮತಪತ್ರ ಹರಿದುಕೊಡುವ ಇನ್ನೊಬ್ಬರು. ಗೋಡೆ ಪಕ್ಕದ ಬೆಂಚಿನ ಮೇಲೆ ಎರಡು ಪಕ್ಷಗಳ ಏಜೆಂಟರು, ನಡುವೆ ಒಂದು ಮೊಳ ಜಾಗ ಬಿಟ್ಟು ಕೂತಿದ್ದರು. ಧಾರವಾಡದವರೂ ನಾನೂ ಆಡಿಕೊಂಡದ್ದು ಬಿಟ್ಟರೆ ಅಲ್ಲಿ ನಡೆದ ಮಾತೆಲ್ಲ ಗುಜರಾತಿಯಲ್ಲಿ. ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಕ್ಕ ಎನ್ನಲು ಅವರು ಬಳಸುವ ಬೆನ್ ಎಂಬ ಮಾತನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ.

ಮಸಿಯ ಬಾಟಲಿ ಉರುಳದ ಹಾಗೆ ಒಂದು ಡಬ್ಬಿಯಲ್ಲಿ ಮರಳು ತುಂಬಿ ಅದರೊಳಗೆ ಹೂತು ನಿಲ್ಲಿಸಿದೆ. ಮತದಾನ ಶುರುವಾಗುವ ಮೊದಲೇ ಹೆಡ್ ಮಾಸ್ತರರಿಗೆ, ಏಜೆಂಟರಿಗೆ, ಕೊನೆಗೆ ಬಾಗಿಲಲ್ಲಿದ್ದ ಪೊಲೀಸನಿಗೂ ಅದು ನಮ್ಮೂರಿನದೆಂದು ಹೇಳಿ ಮುಗಿಸಿದ್ದೆ. ಧಾರವಾಡದವರು ಎರಡು ಸಲ ಕೇಳಿಸಿಕೊಂಡು, "ಆತು ಬಿಡ್ರಿ ಅಕ್ಕಾವ್ರ, ತವರುಮನಿ ಸಾಮಾನು ಬಂದೈತಿ ಅಂತ ಅರಿಷಿಣ ಕುಂಕುಮ ಹಚ್ಚಿ ಪೂಜಿ ಮಾಡಿಬಿಡೂಣು" ಎಂದು ಕಾಲೆಳೆದರು.

ಬೆಳಿಗ್ಗೆ ಬಂದವರು ಹೆಚ್ಚಾಗಿ ಹೆಂಗಸರು, ಮುದುಕರು, ಅಂಗಡಿ ಬಾಗಿಲು ತೆಗೆಯುವ ಮೊದಲು ಮುಗಿಸಿಹೋಗೋಣ ಎಂದು ಬಂದ ವ್ಯಾಪಾರಿಗಳು. ಕೆಲಸ ಚಕಚಕ ಸಾಗಿತ್ತು. ಸುಮಾರು ಹನ್ನೊಂದು ಗಂಟೆಗೆ ಮೂವತ್ತೈದರ ಆಸುಪಾಸಿನ ಒಬ್ಬಾತ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ, ತಲೆಗೂದಲಿಗೆ ನೀರು ಹಾಕಿ ಬಾಚಿದ್ದ. ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಹೆಸರು ಕೂಗಿದ ಮೇಲೆ ನನ್ನ ಮುಂದೆ ನಿಂತು, ಕೇಳದಿದ್ದರೂ ಹೇಳಿದ: "ಭಾವನಗರದ ಕಡೆಯಿಂದ ಬಂದು ಹದಿನಾರು ವರ್ಷ ಆಯ್ತು ಬೆನ್. ಸೂರತ್‌ನ ಪಟ್ಟಿಯಲ್ಲಿ ಹೆಸರು ಬಂದಿದ್ದು ಇದೇ ಮೊದಲು."

ನಾನು ಎಡಗೈ ತೋರಿಸಲು ಹೇಳಿದೆ. ತೋರುಬೆರಳಿನ ಉಗುರಿನ ಬುಡದಿಂದ ಮೊದಲ ಗೆಣ್ಣಿನವರೆಗೆ ಕಪ್ಪು. ಮೇಲೆ ಎಣ್ಣೆಯ ಜಿಡ್ಡು. ಡೈರಿಯಲ್ಲಿ ಗೆರೆ ಎಳೆದುಕೊಂಡ ಮಾತು ಎದ್ದು ಕೂತಿತು.

"ನೀವು ಆಗಲೇ ಮತ ಹಾಕಿ ಬಂದಿದ್ದೀರಿ" ಎಂದೆ.

ಆತ ತಬ್ಬಿಬ್ಬಾಗಿ ತನ್ನ ಬೆರಳನ್ನು ತಾನೇ ನೋಡಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಎಂದುಕೊಂಡೆ ನಾನು. "ಇಲ್ಲ ಬೆನ್, ಇದು ಘಂಟಿಯ ಕಪ್ಪು" ಎಂದ. ವಜ್ರ ಉಜ್ಜುವ ಚಕ್ರಕ್ಕೆ ಅಲ್ಲಿ ಘಂಟಿ ಎನ್ನುತ್ತಾರೆ. ಅದು ನನಗೆ ಗೊತ್ತಿತ್ತು, ಆದರೆ ಹೆಸರಷ್ಟೇ ಗೊತ್ತಿತ್ತು. ಘಂಟಿಯ ಮುಂದೆ ಕೂತವರ ಕೈ ಹೇಗಿರುತ್ತದೆ ಎಂದು ನೋಡಿದವಳಲ್ಲ.

"ಘಂಟಿಯದ್ದಾದರೆ ಒರೆಸಿದರೆ ಹೋಗಬೇಕು" ಎಂದು ಬಟ್ಟೆ ತೆಗೆದುಕೊಂಡು ನಾನೇ ತಿಕ್ಕಿದೆ. ಜಿಡ್ಡು ಬಂತು, ಕಪ್ಪು ಬರಲಿಲ್ಲ. ಅಲ್ಲಿಗೆ ನನ್ನ ಮಟ್ಟಿಗೆ ತೀರ್ಪಾಯಿತು.

ಬೆಂಚಿನ ಮೇಲಿದ್ದ ಒಬ್ಬ ಏಜೆಂಟ್ ಎದ್ದು, "ಅದು ಘಂಟಿಯ ಕಪ್ಪೇ ಬೆನ್, ಬಿಡಿ" ಎಂದ. ಅವನು ಹಾಗೆಂದ ಒಂದೇ ಕಾರಣಕ್ಕೆ ಇನ್ನೊಬ್ಬ ಏಜೆಂಟ್ ಎದ್ದು, "ಅದು ಹೇಗೆ ಹೇಳ್ತೀರಿ? ಬೆನ್ ಮಸಿಯ ಊರಿನವರು, ಅವರಿಗೆ ಗೊತ್ತಿಲ್ವಾ?" ಎಂದ. ರಾಜಕೀಯ ಅಂದರೆ ಇಷ್ಟೇ ಎಂದು ನನಗೆ ಆಮೇಲೆ ಹೊಳೆಯಿತು. ಆಗ ಮಾತ್ರ ಆ ಎರಡನೆಯವನ ಮಾತು ಬಹಳ ಬುದ್ಧಿವಂತಿಕೆಯದ್ದಾಗಿ ಕಂಡಿತು.

ಧಾರವಾಡದವರು ಮೆಲ್ಲಗೆ ಕನ್ನಡದಲ್ಲಿ, "ಅಕ್ಕಾವ್ರ, ಪಟ್ಟಿಯೊಳಗ ಇಂವನ ಹೆಸರಿನ ಮ್ಯಾಲೆ ಗುರ್ತು ಇಲ್ರೀ. ಇನ್ನೂ ಹಾಕಿಲ್ಲ ಅಂವ" ಎಂದರು.

"ಇಲ್ಲಿ ಹಾಕಿಲ್ಲ. ಬೇರೆ ಕಡೆ ಬೇರೆ ಹೆಸರಲ್ಲಿ ಹಾಕಿ ಬಂದಿರ್ತಾನೆ. ನಮ್ಮೂರ ಮಸಿ ನನಗೆ ಗೊತ್ತಾಗಲ್ವೇನ್ರೀ?"

"ಮಸಿ ನಿಮ್ಮ ಊರಿಂದಿರಬಹುದ್ರೀ, ಬೆರಳು ನಿಮ್ಮ ಊರಿಂದಲ್ಲ."

ಆ ಮಾತನ್ನು ಅಲ್ಲೇ ಕೇಳಿಸಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಾನು ಆತನ ಕಡೆ ತಿರುಗಿ, ಸಾಲಿನಲ್ಲಿದ್ದವರಿಗೆಲ್ಲ ಕೇಳುವಷ್ಟು ಜೋರಾಗಿ, "ಇದು ಮೈಸೂರಿನ ಮಸಿ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಸುಳ್ಳು ಮತ ಹಾಕಲು ಬರಬೇಡಿ" ಎಂದೆ. ಹೆಡ್ ಮಾಸ್ತರರು ಕನ್ನಡಕ ಸರಿಮಾಡಿಕೊಂಡು ಒಮ್ಮೆ ಬೆರಳನ್ನು, ಒಮ್ಮೆ ನನ್ನನ್ನು ನೋಡಿದರು. ನನ್ನ ಧೈರ್ಯ ಅವರ ಅನುಮಾನಕ್ಕಿಂತ ದೊಡ್ಡದಾಗಿತ್ತು. "ಸದ್ಯಕ್ಕೆ ಹೋಗಿ ಭಾಯಿ, ಆಮೇಲೆ ನೋಡೋಣ" ಎಂದರು. ಸಾಲಿನಲ್ಲಿ ಯಾರೋ ನಕ್ಕರು. ಆತ ಚೀಟಿಯನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಹೊರಟುಹೋದ.

ಸ್ವಲ್ಪ ಹೊತ್ತಿನ ಮೇಲೆ ಹೆಡ್ ಮಾಸ್ತರರು ನನ್ನ ಮೇಜಿನ ಬಳಿ ಬಂದು ತಗ್ಗಿದ ದನಿಯಲ್ಲಿ ಹೇಳಿದರು: "ಬೆನ್, ಸಾಲಿನಲ್ಲಿ ಆತನ ಕಾರ್ಖಾನೆಯ ಮ್ಯಾನೇಜರ್ ಇದ್ದರು, ಏಜೆಂಟ್ ತೋರಿಸಿದ. ಇಲ್ಲಿ ವಜ್ರದ ಪೊಟ್ಟಣ ಕೈಯಿಂದ ಕೈಗೆ ಹೋಗುವುದು ಬರೀ ನಂಬಿಕೆಯ ಮೇಲೆ. ಸುಳ್ಳ ಅಂತ ಒಂದು ಸಲ ಹೆಸರು ಬಿದ್ದರೆ ಘಂಟಿಯ ಮುಂದೆ ಕೂರಿಸುವವರಿಲ್ಲ. ಮತ ಹೋದರೆ ಮುಂದಿನ ಸಲ ಬರುತ್ತದೆ. ಹೆಸರು ಹಾಗಲ್ಲ."

"ಅದನ್ನು ಆತ ಮೊದಲು ಯೋಚಿಸಬೇಕಿತ್ತು ಸಾಹೇಬ್" ಎಂದೆ ನಾನು. ಆ ಉತ್ತರ ನೆನಪಾದರೆ ಇಂದಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮಧ್ಯಾಹ್ನ ಡಬ್ಬಿ ಬಿಚ್ಚಿ ಚಿತ್ರಾನ್ನ ತಿಂದೆವು. ಧಾರವಾಡದವರು ಶೇಂಗಾ ಚಟ್ನಿಪುಡಿ ಕೊಟ್ಟರು, ಬೆಳಗಿನ ವಿಷಯ ಎತ್ತಲಿಲ್ಲ. ಎತ್ತದಿದ್ದದ್ದೇ ನನಗೆ ಚುಚ್ಚಿತು. ಆತ ಹೇಳಿದ "ಇದೇ ಮೊದಲು" ಎಂಬ ಮಾತು ನಡುನಡುವೆ ನೆನಪಾಗುತ್ತಿತ್ತು. ಯಾಕೆಂದರೆ ನನ್ನ ಹೆಸರೂ ಯಾವ ಊರಿನ ಪಟ್ಟಿಯಲ್ಲೂ ಇರಲಿಲ್ಲ. ಮೈಸೂರಿನಲ್ಲಿ ಮದುವೆಯಾದ ಮೇಲೆ ತೆಗೆದುಹಾಕಿದರು, ವಡೋದರಾದಲ್ಲಿ ಸೇರುವಷ್ಟರಲ್ಲಿ ವರ್ಗವಾಯಿತು, ಸೂರತ್‌ನಲ್ಲಿ ಅರ್ಜಿ ಕೊಟ್ಟು ಕೂತಿದ್ದೆ. ಸಾವಿರಾರು ಜನರ ಬೆರಳಿಗೆ ಮಸಿ ಹಚ್ಚಿದ ನನ್ನ ಬೆರಳಿಗೆ ಒಬ್ಬರೂ ಹಚ್ಚಿರಲಿಲ್ಲ. ಹದಿನಾರು ವರ್ಷ ಕಾದವನು ಮೊದಲ ದಿನವೇ ಮೋಸ ಮಾಡುತ್ತಾನೆಯೇ ಎಂದು ಒಮ್ಮೆ ಕೇಳಿಕೊಂಡೆ. ಆದರೂ ಬಟ್ಟೆಗೆ ಬಾರದ ಕಪ್ಪನ್ನು ನೆನೆದು ಸಮಾಧಾನ ಮಾಡಿಕೊಂಡೆ.

ಮೂರು ಗಂಟೆಯ ಹೊತ್ತಿಗೆ ಕಾರ್ಖಾನೆಗಳಿಗೆ ರಜೆ ಬಿಟ್ಟರೆಂದು ಕಾಣುತ್ತದೆ, ಒಮ್ಮೆಲೇ ಹತ್ತು ಹನ್ನೆರಡು ಮಂದಿ ಗಂಡಸರು ಒಳಗೆ ಬಂದರು. ಮೊದಲನೆಯವನ ಎಡಗೈ ತೋರುಬೆರಳು ಕಪ್ಪು. ಎದ್ದು ನಿಂತೆ. ಅವನ ಹಿಂದಿನವನದೂ ಕಪ್ಪು. ಅದರ ಹಿಂದಿನವನದೂ. ಹನ್ನೆರಡು ಜನರೂ ಸೇರಿ ನನಗೆ ಮೋಸ ಮಾಡುತ್ತಿದ್ದಾರೆ ಎಂದು ಒಂದು ಕ್ಷಣ, ಒಂದೇ ಒಂದು ಕ್ಷಣ, ನಿಜವಾಗಿಯೂ ಅನ್ನಿಸಿತು. ಜಂಭ ಅಷ್ಟು ಬೇಗ ಸಾಯುವುದಿಲ್ಲ. ಆಮೇಲೆ ಬಾಯಲ್ಲಿ ತಾನಾಗಿಯೇ ಮಾತು ಬಂತು: "ಬಲಗೈ ತೋರಿಸಿ."

ಅವನು ಬಲಗೈ ಚಾಚಿದ. ಅಲ್ಲೂ ಅದೇ ಕಪ್ಪು. ತೋರುಬೆರಳು, ಹೆಬ್ಬೆರಳು, ಮಧ್ಯದ ಬೆರಳು, ಮೂರರ ತುದಿಯಲ್ಲೂ ಎಣ್ಣೆ ಮತ್ತು ವಜ್ರದ ಪುಡಿ ವರ್ಷಗಟ್ಟಲೆ ಚರ್ಮದೊಳಗೆ ಇಳಿದು ಕೂತಿತ್ತು. ಬಲಗೈಗೆ ಯಾವ ಚುನಾವಣೆಯವರೂ ಮಸಿ ಹಚ್ಚುವುದಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಬೆಳಿಗ್ಗೆ ಇನ್ನೊಂದು ಕೈ ತೋರಿಸು ಎಂದಿದ್ದರೆ ಸಾಕಿತ್ತು.

ನಾನು ತಪ್ಪು ಮಾಡಿದರೆ ಮುಚ್ಚಿಡುವವಳಲ್ಲ. ಅದೊಂದು ಗುಣ ನನ್ನಲ್ಲಿದೆ ಎಂದು ಹೇಳಿಕೊಳ್ಳಲು ನಾಚಿಕೆಯೂ ಇಲ್ಲ. ಆ ಹನ್ನೆರಡು ಜನರ ಬೆರಳಿಗೆ ಕಪ್ಪಿನ ಮೇಲೇ, ಉಗುರು ದಾಟುವ ಹಾಗೆ ಉದ್ದಕ್ಕೆ ಮಸಿ ಎಳೆದು ಕಳಿಸಿದ ಕೂಡಲೇ ಹೆಡ್ ಮಾಸ್ತರರ ಮುಂದೆ ಹೋಗಿ ನಿಂತೆ. "ಸಾಹೇಬ್, ಬೆಳಗಿನ ಮನುಷ್ಯನ ವಿಷಯದಲ್ಲಿ ತಪ್ಪಾಗಿದೆ. ಐದು ಗಂಟೆಗೆ ಮತದಾನ ಮುಗಿಯುವುದರೊಳಗೆ ಆತನನ್ನು ಕರೆಸಬೇಕು" ಎಂದೆ. ಮತಗಟ್ಟೆ ಬಿಟ್ಟು ನಾವು ಯಾರೂ ಹೋಗುವ ಹಾಗಿರಲಿಲ್ಲ. ಅವರು ಬೆಂಚಿನ ಕಡೆ ನೋಡಿದರು. ಏಜೆಂಟರಿಬ್ಬರೂ ಎದ್ದರು. ಒಬ್ಬನನ್ನೇ ಕಳಿಸಿದರೆ ಆತನ ಕಿವಿಯಲ್ಲಿ ಏನು ಊದುತ್ತಾನೋ ಎಂದು ಇನ್ನೊಬ್ಬನಿಗೆ ಭಯ. ಕೊನೆಗೆ ಬೆಳಗಿನಿಂದ ಮಾತು ಬಿಟ್ಟಿದ್ದ ಇಬ್ಬರೂ ಒಂದೇ ಸ್ಕೂಟರಿನ ಮೇಲೆ, ಒಬ್ಬರಿಗೊಬ್ಬರು ಅಂಟಿಕೊಂಡು ಹೋದರು.

ನಾಲ್ಕೂವರೆಗೆ ಇಬ್ಬರೇ ವಾಪಸು ಬಂದರು.

"ಮನೆ ಹಿಂದಿನ ನಲ್ಲಿ ಹತ್ರ ಕೂತಿದ್ದಾನೆ ಬೆನ್. ಏನು ಹೇಳಿದ್ರೂ ಮಾತಾಡಲ್ಲ. ಕೈ ತೊಳೀತಾ ಇದ್ದಾನೆ" ಎಂದ ಮೊದಲನೆಯವನು.

"ಹನ್ನೊಂದೂವರೆಯಿಂದ ಹಾಗೇ ಕೂತಿದ್ದಾನಂತೆ, ಹೆಂಡತಿ ಅಳ್ತಾ ಇದ್ದಾಳೆ" ಎಂದ ಎರಡನೆಯವನು. ಆ ದಿನ ಅವರಿಬ್ಬರು ಒಂದೇ ಮಾತನ್ನು ಹೇಳಿದ್ದು ಅದೊಂದೇ ಸಲ.

ನನಗೆ ಅರ್ಥವಾಗಲಿಲ್ಲ. ಕೈ ತೊಳೆಯುವುದಕ್ಕೂ ಮತ ಹಾಕಲು ಬರುವುದಕ್ಕೂ ಏನು ಸಂಬಂಧ? ಗೋಡೆಯ ಗಡಿಯಾರ ನೋಡುತ್ತಾ ಕೂತೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅಜ್ಜಿ ನನಗೆಂದೇ ಎಷ್ಟು ಸಲ ಹೇಳಿದ್ದಳೋ. ಮುಂದೆ ಬಂದ ಬೆರಳುಗಳಿಗೆ ಮಸಿ ಹಚ್ಚುತ್ತಿದ್ದೆ, ಯಾರದೆಂದು ನೋಡುತ್ತಿರಲಿಲ್ಲ.

ಐದಕ್ಕೆ ಹತ್ತು ನಿಮಿಷವಿದ್ದಾಗ ಬಾಗಿಲಲ್ಲಿ ಗಲಾಟೆ ಕೇಳಿಸಿತು. ಆತ ಬಂದಿದ್ದ. ಅದೇ ಬಿಳಿ ಅಂಗಿ, ಎದೆಯವರೆಗೆ ನೆನೆದಿತ್ತು. ಹಿಂದೆ ಮಧ್ಯಾಹ್ನದ ಆ ಹನ್ನೆರಡು ಜನರಲ್ಲಿ ನಾಲ್ಕೈದು ಮಂದಿ, ಅವರ ಜೊತೆ ಶಾಲು ಹೊದ್ದ ದಪ್ಪನೆಯ ಒಬ್ಬರು. ಅವರೇ ಮ್ಯಾನೇಜರ್ ಎಂದು ಹೆಡ್ ಮಾಸ್ತರರು ಕಣ್ಣಿನಲ್ಲೇ ಹೇಳಿದರು. ಆತ ಸಾಲು ಬಿಟ್ಟು ಮುಂದೆ ಬರಲಿಲ್ಲ. ಇದ್ದ ಆರೇಳು ಜನರ ಹಿಂದೆ ನಿಂತ, ಕೊನೆ ಗಳಿಗೆಗೆ ಓಡಿಬಂದವರು ಆತನ ಹಿಂದೆ ಸೇರಿಕೊಂಡರು. ತನ್ನ ಸರದಿ ಬಂದ ಮೇಲೆ ನನ್ನ ಮೇಜಿನ ಮೇಲೆ ಎಡಗೈ ಇಟ್ಟ.

ಬೆರಳಿಗೆ ಒದ್ದೆ ಬಟ್ಟೆ ಸುತ್ತಿತ್ತು. ಬಿಚ್ಚಿದ. ಕಪ್ಪು ಇರಲಿಲ್ಲ. ಮೇಲಿನ ಚರ್ಮವೂ ಇರಲಿಲ್ಲ. ಉಗುರಿನ ಬುಡದಿಂದ ಗೆಣ್ಣಿನವರೆಗೆ ಕೆಂಪಗೆ ಹಸಿ ಮಾಂಸ ಕಾಣುತ್ತಿತ್ತು, ಒಂದೆರಡು ಕಡೆ ರಕ್ತ ಜಿನುಗುತ್ತಿತ್ತು. ಸೀಮೆಎಣ್ಣೆಯ ವಾಸನೆ ಮೂಗಿಗೆ ಹೊಡೆಯಿತು.

"ಸೀಮೆಎಣ್ಣೆ ಹಾಕಿ ಇಟ್ಟಿಗೆ ಪುಡಿಯಲ್ಲಿ ತಿಕ್ಕಿದೆ ಬೆನ್" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ಒಪ್ಪಿಸುವವನ ಹಾಗೆ ನಿಧಾನವಾಗಿ ಹೇಳಿದ. "ನಿಮ್ಮೂರ ಮಸಿ ಎಷ್ಟು ತಿಕ್ಕಿದರೂ ಹೋಗೋದಿಲ್ಲ ಅಂದ್ರಿ. ಇದು ಹೋಗಿದೆ. ಹಾಗಾದರೆ ಇದು ನಿಮ್ಮೂರ ಮಸಿ ಅಲ್ಲ, ಅಲ್ವಾ?"

ನನ್ನ ಮಾತನ್ನೇ ನಂಬಿ, ಅದರಲ್ಲೇ ತನ್ನನ್ನು ಒರೆಗೆ ಹಚ್ಚಿಕೊಂಡಿದ್ದ. ಐದು ಗಂಟೆಗಳ ಕಾಲ. ನನಗೆ ಅಳು ಬಂತು. ಆದರೆ ಆಗ ಅತ್ತರೆ ಅದು ನನ್ನ ಸಮಾಧಾನಕ್ಕೆ ಅತ್ತ ಹಾಗಾಗುತ್ತಿತ್ತೇ ಹೊರತು ಆತನಿಗೇನೂ ಸಿಗುತ್ತಿರಲಿಲ್ಲ. ಆತನಿಗೆ ಬೇಕಿದ್ದದ್ದು ಬೇರೆ. ಎದ್ದು ನಿಂತು, ಬೆಳಿಗ್ಗೆ ಕೂಗಿದಷ್ಟೇ ಜೋರಾಗಿ, ಬಾಗಿಲಾಚೆಗೂ ಕೇಳುವ ಹಾಗೆ ನನ್ನ ಹರಕು ಗುಜರಾತಿಯಲ್ಲಿ ಹೇಳಿದೆ: "ಭೂಲ್ ಮಾರಿ ಛೆ, ಎಮ್ನಿ ನಹೀ." ತಪ್ಪು ನನ್ನದು, ಅವರದಲ್ಲ. ಶಾಲಿನವರ ಮುಖ ನೋಡಿಕೊಂಡು ಇನ್ನೊಂದು ಸಲ ಹೇಳಿದೆ. ಅವರು ತಲೆಯಾಡಿಸಿದರು. ಸಾಲಿನಲ್ಲಿ ಈಗ ಯಾರೂ ನಗಲಿಲ್ಲ.

ಕೂತು ಮಸಿಯ ಕಡ್ಡಿ ಕೈಗೆ ತೆಗೆದುಕೊಂಡೆ. ಆ ಮಸಿ ಹಸಿ ಗಾಯಕ್ಕೆ ತಾಗಿದರೆ ಬೆಂಕಿ ಇಟ್ಟ ಹಾಗೆ ಉರಿಯುತ್ತದೆ. ಸೋದರಮಾವನ ಕೈಯಲ್ಲಿ ಒಮ್ಮೆ ನೋಡಿದ್ದೆ. "ಮಧ್ಯದ ಬೆರಳು ಕೊಡಿ ಭಾಯಿ, ಅದಕ್ಕೆ ಹಚ್ಚುತ್ತೇನೆ" ಎಂದೆ. ಹೆಡ್ ಮಾಸ್ತರರೂ, "ಹೌದು ಹೌದು, ಅಡ್ಡಿಯಿಲ್ಲ, ನಾನು ಬರೆದುಕೊಳ್ಳುತ್ತೇನೆ" ಎಂದರು.

ಆತ ಮಧ್ಯದ ಬೆರಳನ್ನು ಮಡಚಿಕೊಂಡ. ತೋರುಬೆರಳನ್ನೇ ಇನ್ನಷ್ಟು ಮುಂದಕ್ಕೆ ಚಾಚಿದ.

"ಇದಕ್ಕೇ ಹಚ್ಚಿ ಬೆನ್. ಬೆಳಿಗ್ಗೆ ಎಲ್ಲರೂ ನೋಡಿದ್ದು ಇದನ್ನೇ."

ಹಚ್ಚಿದೆ. ಉಗುರಿನಿಂದ ಗೆಣ್ಣಿನವರೆಗೆ, ಹಸಿ ಗಾಯದ ಮೇಲೆ, ನಿಯಮದಲ್ಲಿ ಹೇಳಿದಷ್ಟು ಉದ್ದ. ಆತನ ದವಡೆ ಬಿಗಿಯಿತು, ಕಣ್ಣಲ್ಲಿ ನೀರು ತುಂಬಿತು, ಕೈ ಮಾತ್ರ ಅಲುಗಲಿಲ್ಲ. ಮತಪತ್ರ ತೆಗೆದುಕೊಂಡು ಮರೆಯ ಹಿಂದೆ ಹೋದ, ಬಂದ, ಮಡಚಿ ಪೆಟ್ಟಿಗೆಗೆ ಹಾಕಿದ. ಆಮೇಲೆ ಎಡಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಆ ಒಂದು ಬೆರಳನ್ನು ಮಾತ್ರ ನೆಟ್ಟಗೆ ಹಿಡಿದುಕೊಂಡು, ಸಾಲಿನ ಉದ್ದಕ್ಕೂ ಒಬ್ಬೊಬ್ಬರಿಗೂ ಕಾಣುವ ಹಾಗೆ ನಿಧಾನವಾಗಿ ನಡೆದುಹೋದ.